ದಿನದ ಧಮ್ಮ ಚಿಂತನೆ: ಪ್ರೈಮರ್ ಕೆಳಗಿನ ತುಕ್ಕು



ನಮ್ಮಪ್ಪ ಬಹಳ ವರ್ಷ ಬೇರೆಯವರ ಕಾರು ಓಡಿಸಿದವರು. ಕೊನೆಗೆ ಒಂದು ಹಳೇ ಅಂಬಾಸಿಡರ್ ಕೊಂಡು, ಅವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರ ನಡುವಿನ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದರು. ಅಪ್ಪ ತೀರಿಕೊಂಡ ಮೇಲೆ ಅದನ್ನು ಮತ್ತೆ ರಸ್ತೆಗಿಳಿಸಬೇಕೆಂದು ನನ್ನ ತಮ್ಮ ಹಠ ಹಿಡಿದ. ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಇದ್ದ ತಗಡನ್ನೇ ಉಳಿಸಿಕೊಳ್ಳಬೇಕು.

ಟಿಂಕರಿಂಗ್ ಮುಗಿದು ಬೂದು ಪ್ರೈಮರ್ ಹೊಡೆಸುವಷ್ಟರಲ್ಲಿ ತಮ್ಮನ ಹಣ ಖಾಲಿಯಾಯಿತು. ಮಳೆಗಾಲ ಹತ್ತಿರವಿತ್ತು.

"ಅಣ್ಣಾ, ಬಣ್ಣ ಆಮೇಲೆ ನೋಡೋಣ. ಈಗ ತಗಡು ಉಳಿಯೋಕೆ ಏನಾದರೂ ಮಾಡಿಸಬೇಕು. ಸ್ವಲ್ಪ ಹಣ ಕೊಡ್ತೀಯಾ?" ಎಂದ.

"ಕೈಯಲ್ಲಿ ಇಲ್ಲಪ್ಪ. ಹೇಗೂ ಪ್ರೈಮರ್ ಇದೆಯಲ್ಲ" ಎಂದೆ.

ಹಣ ಇತ್ತು.

ಮಳೆಗಾಲ ಕಳೆದ ಮೇಲೆ ಪೇಂಟರ್ ಬಂದು ಬಾಗಿಲಿನ ಕೆಳಗೆ ಉಗುರಿನಿಂದ ಕೆರೆದರು. ಬೂದು ಪದರ ಹಪ್ಪಳದ ಹಾಗೆ ಎದ್ದು ಬಂತು. ಒಳಗೆಲ್ಲಾ ತುಕ್ಕು.

"ಮೇಷ್ಟ್ರೇ, ಈ ಪ್ರೈಮರ್ ಇರೋದು ಸಣ್ಣ ಗೀರು ಮುಚ್ಚೋಕೆ, ಮೇಲಿನ ಬಣ್ಣ ಹಿಡಿಯೋಕೆ. ಹಾಗೇ ಬಿಟ್ಟರೆ ತೇವ ಕುಡಿಯುತ್ತೆ" ಎಂದರು.

ಕೆಲವರು ಅಗ್ಗದ ಎನಾಮಲ್ ಬಳಿದು ಬಿಡುತ್ತಾರಂತೆ. ಅದು ಸ್ವಲ್ಪ ಕಾಲ ನೀರು ತಡೆಯುತ್ತದೆ. ಆದರೆ ಮುಂದೆ ಹೊಡೆಯುವ ಬಣ್ಣದ ಕಟು ತಿನ್ನರ್ ತಗುಲಿದರೆ ಸುಕ್ಕುಗಟ್ಟಿ ಏಳಬಹುದು. ಆಗ ಎಲ್ಲವನ್ನೂ ಕೆರೆಯಬೇಕು. ಕಾಯಬೇಕಾದ ಕಾರಿಗೆ ಸರಿಯಾದದ್ದು ಹಾರ್ಡ್‌ನರ್ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್. ಅದು ತಗಡಿಗೆ ತೇವ ಮುಟ್ಟದಂತೆ ಮುಚ್ಚುತ್ತದೆ. ಆದರೆ ಮೊದಲು ತುಕ್ಕು ಪೂರ್ತಿ ತೆಗೆದು, ಎಣ್ಣೆ ಜಿಡ್ಡು ಒರೆಸಿರಬೇಕು. ಎಪಾಕ್ಸಿಗೆ ಬಿಸಿಲು ಆಗದು, ನೆರಳಲ್ಲಿ ನಿಲ್ಲಿಸಬೇಕು. ಪ್ಲಾಸ್ಟಿಕ್ ಟಾರ್ಪಾಲು ಬಿಗಿದರೆ ಒಳಗೇ ತೇವ ಕಟ್ಟುತ್ತದೆ, ಬಟ್ಟೆಯ ಹೊದಿಕೆ ಸಾಕು. ಬಣ್ಣದ ಕಾಲ ಬಂದಾಗ ಎಮರಿ ಪೇಪರಿನಲ್ಲಿ ಉಜ್ಜಿ ಮುಂದುವರಿಯಬಹುದು.

ಬಂಧುಗಳೇ, ಧಮ್ಮಪದದ ಮಲವಗ್ಗದಲ್ಲಿ ತುಕ್ಕಿನ ಹೋಲಿಕೆಯಿದೆ. ಕಬ್ಬಿಣದಲ್ಲೇ ಹುಟ್ಟಿದ ತುಕ್ಕು ಕಬ್ಬಿಣವನ್ನು ತಿನ್ನುವಂತೆ ನಮ್ಮ ಕೃತ್ಯವೇ ನಮ್ಮನ್ನು ಕೆಡಿಸುತ್ತದೆ ಎಂಬುದು ಅದರ ತಾತ್ಪರ್ಯ. ತರಗತಿಯಲ್ಲಿ, ಸಭೆಯಲ್ಲಿ ನಾನೇ ಇದನ್ನು ವಿವರಿಸಿದ್ದೇನೆ. ಅಂದು ಆ ಬಾಗಿಲ ಮುಂದೆ ಅದು ನನಗೇ ಹೇಳಿದಂತಿತ್ತು.

ನಾವೆಲ್ಲರೂ ಕೆಲಸ ಮುಗಿಯದ ಗಾಡಿಗಳೇ. ಮನೆ ಕಟ್ಟಿ ಮುಗಿಯಲಿ, ಮಕ್ಕಳು ದಡ ಸೇರಲಿ, ಆಮೇಲೆ ಶೀಲವನ್ನು ಸರಿಯಾಗಿ ಪಾಲಿಸೋಣ ಅನ್ನುತ್ತೇವೆ. ಅಲ್ಲಿಯವರೆಗೆ ಮಳೆ ಕಾಯುತ್ತದೆಯೇ? ಗೋಡೆಯ ಮೇಲೆ ಬುದ್ಧ, ಬಾಬಾಸಾಹೇಬರ ಫೋಟೋ ಇದೆ, ಬಾಗಿಲಲ್ಲಿ ನೀಲಿ ಬಾವುಟವಿದೆ. ಇವೆಲ್ಲ ಬೇಕು. ಆದರೆ ತೇವ ತಡೆಯುವುದು ದಿನವೂ ಪಾಲಿಸುವ ಪಂಚಶೀಲ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಕೊಟ್ಟ 22 ಪ್ರತಿಜ್ಞೆಗಳಲ್ಲಿ ಸುಳ್ಳು ಹೇಳೆನೆಂಬುದೂ ಒಂದು. ಬದುಕು ಒಂದು ನೆಲೆಗೆ ಬಂದ ಮೇಲೆ ಪಾಲಿಸಿ ಎಂದು ಅವರು ಹೇಳಲಿಲ್ಲ.

ತುಕ್ಕಿನ ಮೇಲೆ ಎಪಾಕ್ಸಿ ಹೊಡೆದರೂ ಒಳಗೆ ತಿನ್ನುತ್ತಲೇ ಇರುತ್ತದೆ. ಅದಕ್ಕೇ ಆ ಸಂಜೆ ತಮ್ಮನಿಗೆ ಹೇಳಿದೆ: "ಅವತ್ತು ಹಣ ಇತ್ತು ಕಣೋ. ನಾನು ಸುಳ್ಳು ಹೇಳಿದೆ."

ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪನ ಕಾರು ಅಂತ ಕೇಳಿದ್ದೆ ಅಣ್ಣಾ, ಅಷ್ಟೇ" ಎಂದ. ಬೈದಿದ್ದರೆ ವಾಸಿಯಿತ್ತು.

ಮತ್ತೆ ತಗಡಿನವರೆಗೆ ಕೆರೆಸಿ, ಎರಡು ಬಾಗಿಲಿಗೆ ತೇಪೆ ಹಾಕಿಸಿ, ಎಪಾಕ್ಸಿ ಹೊಡೆಸಿದ್ದೇವೆ. ಖರ್ಚು ಈ ಸಲ ನನ್ನದು. ಬಣ್ಣ ಇನ್ನೂ ಆಗಿಲ್ಲ. ಆದರೆ ಮಳೆ ಬಂದರೆ ಈಗ ಭಯವಿಲ್ಲ.

ಇಂದಿನ ಅಭ್ಯಾಸ: ಹತ್ತಿರದವರಿಗೆ ಹೇಳಿದ ಒಂದು ಸುಳ್ಳನ್ನು ನೆನೆಯೋಣ. ಸಂಜೆಯ ವಂದನೆಗೆ ಕೂರುವ ಮೊದಲು ಅವರಿಗೆ ನಿಜ ಹೇಳೋಣ.

ಸಾಧು, ಸಾಧು, ಸಾಧು. ಜೈ ಭೀಮ್.