ಗೃಹಸ್ಥನ ಸಂಬಳವೂ ಮನೆಯ ಒಪ್ಪತ್ತೂ

ಅಷ್ಟಮಿ ಚತುರ್ದಶಿಗಳಂದು ಶ್ರಾವಕರ ಮನೆಗಳಲ್ಲಿ ಒಲೆಯ ಕೆಲಸ ಕಡಿಮೆಯಾಗುವುದು ವಾಡಿಕೆ. ಹಿರಿಯರು ಉಪವಾಸವಿರುತ್ತಾರೆ, ಕಿರಿಯರು ಶಕ್ತ್ಯನುಸಾರವಾಗಿ ಒಪ್ಪತ್ತು ಮಾಡುತ್ತಾರೆ. ಆದರೆ ತದಿಗೆಯಂದೂ ಷಷ್ಠಿಯಂದೂ ದ್ವಾದಶಿಯಂದೂ ಮನೆಯ ಸೊಸೆಯೊಬ್ಬಳೇ "ನನಗಿವತ್ತು ಒಪ್ಪತ್ತು" ಎಂದು ಹೇಳಿ ಊಟದಿಂದ ಸರಿದು ನಿಂತರೆ, ಅದನ್ನು ವ್ರತವೆಂದು ಕರೆಯಬಹುದೇ? ಈ ಪ್ರಶ್ನೆ ಹುಟ್ಟುವುದು ಸಂಬಳ ತಡವಾಗಿ ಬರುವ ಮನೆಗಳ ಅಡುಗೆಯ ಕೋಣೆಯಲ್ಲಿ.

ಬೆಳಗಾವಿ ಜಿಲ್ಲೆಯ ಕೃಷ್ಣಾ ತೀರದ ಊರೊಂದರಲ್ಲಿ ಅಂಥ ಒಂದು ಮನೆಯನ್ನು ಕಣ್ಣೆದುರಿಗೆ ತಂದುಕೊಳ್ಳಬೇಕು. ಗಂಡ ಅನುದಾನವಿಲ್ಲದ ಪ್ರೌಢಶಾಲೆಯ ಶಿಕ್ಷಕ. ಮುದಿ ತಾಯಿ, ಹೆಂಡತಿ, ಇಬ್ಬರು ಮಕ್ಕಳು. ಒಪ್ಪಿದ ಸಂಬಳ 14,000 ರೂಪಾಯಿ; ಕೈಗೆ ಬಂದುದು 8,000, ಅದೂ ಮುಂದಿನ ತಿಂಗಳ ಇಪ್ಪತ್ತನೆಯ ತಾರೀಖು ಕಳೆದ ಮೇಲೆ. ಕೇಳಿದರೆ ಶಾಲೆಯವರು ಪಾಲಕರು ಫೀ ಕಟ್ಟಿಲ್ಲವೆನ್ನುತ್ತಾರೆ. ಪಾಲಕರನ್ನು ಕೇಳಿದರೆ ಕಬ್ಬಿನ ಬಿಲ್ಲು ಬಂದಿಲ್ಲವೆನ್ನುತ್ತಾರೆ. 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ ಕಬ್ಬು ಮುಟ್ಟಿದ 14 ದಿನಗಳೊಳಗೆ ಹಣ ಸಂದಾಯವಾಗಬೇಕು, ತಡವಾದರೆ ವರ್ಷಕ್ಕೆ ನೂರಕ್ಕೆ 15ರಂತೆ ಬಡ್ಡಿಯನ್ನೂ ಕೊಡಬೇಕು. ಕಾರ್ಖಾನೆ ಆ ಮಾತನ್ನು ಮರೆತರೆ ರೈತನ ಕೈ ಬರಿದಾಗುತ್ತದೆ. ಅಲ್ಲಿಂದ ಶಾಲೆ, ಶಾಲೆಯಿಂದ ಶಿಕ್ಷಕ, ಶಿಕ್ಷಕನಿಂದ ಕಿರಾಣಿ ಅಂಗಡಿಯ ಉದ್ರಿ ಖಾತೆ. ಆ ಸರಪಳಿಯ ಕಟ್ಟಕಡೆಯ ಕೊಂಡಿ ಒಲೆಯ ಮುಂದೆ ಕುಳಿತ ಹೆಣ್ಣುಮಗಳು. ಅವಳು ಯಾರನ್ನೂ ಕೇಳಲಾರಳು. ಆದ್ದರಿಂದ ಒಪ್ಪತ್ತು ಹಿಡಿಯುತ್ತಾಳೆ. ಓಣಿಯ ಜನ "ಎಂಥ ವ್ರತನಿಷ್ಠೆ!" ಎಂದು ಹೊಗಳುತ್ತಾರೆ, ಮನೆಯವರೂ ಆ ಹೊಗಳಿಕೆಯನ್ನು ಕೇಳಿ ಸುಮ್ಮನಿರುತ್ತಾರೆ.

ಆಗಮವು ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಅಕಾಮನಿರ್ಜರೆಯೆಂಬುದನ್ನು ಹೆಸರಿಸುತ್ತಾರೆ. ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಅದಕ್ಕೆ ಕೊಡುವ ಉದಾಹರಣೆ ಸೆರೆಮನೆಯದು: ಬಂಧನದಲ್ಲಿರುವವನು ಹಸಿವು ನೀರಡಿಕೆಗಳನ್ನು ಸಹಿಸುತ್ತಾನೆ, ನೆಲದ ಮೇಲೆ ಮಲಗುತ್ತಾನೆ, ಆದರೆ ಇವೊಂದೂ ಅವನ ಇಚ್ಛೆಯಿಂದ ಆದುವಲ್ಲ. ಇದರಿಂದ ದೇವಾಯುವಿನ ಬಂಧವಾಗಬಹುದು, ಕರ್ಮವೂ ಕೊಂಚ ಸವೆಯಬಹುದು. ಆದರೂ ಸೂತ್ರಕಾರರು ಅದನ್ನು ಶ್ರಾವಕನ ವ್ರತಗಳ ಸಾಲಿನಲ್ಲಿ ಕೂಡಿಸಲಿಲ್ಲ. ಸಂಬಳವಿಲ್ಲದ ಮನೆಯ ಹಸಿವು ಈ ಜಾತಿಯದು. ಪ್ರೋಷಧೋಪವಾಸದಲ್ಲಿ ನಾಲ್ಕು ವಿಧದ ಆಹಾರದೊಡನೆ ಆರಂಭವನ್ನೂ ಬಿಡಬೇಕು. ಆ ಹೊತ್ತು ಸ್ವಾಧ್ಯಾಯಕ್ಕೂ ಧ್ಯಾನಕ್ಕೂ ಸಲ್ಲಬೇಕು. ಅಕ್ಕಿಯ ಡಬ್ಬಿಯ ತಳವನ್ನು ಎಣಿಸುತ್ತ, ಬಾವಿಯ ನೀರು ಸೇದುತ್ತ, ಮಕ್ಕಳ ತಾಟು ತೊಳೆಯುತ್ತ ಕಳೆದ ದಿನಕ್ಕೆ ಆ ಹೆಸರು ಒಪ್ಪುವುದಿಲ್ಲ.

ಇದನ್ನು ಹೇಳುವುದು ಆ ಸೊಸೆಯನ್ನು ದೂಷಿಸುವುದಕ್ಕಲ್ಲ. ತನ್ನ ಪಾಲಿನ ರೊಟ್ಟಿಯನ್ನು ಮಕ್ಕಳಿಗೆ ಬಿಟ್ಟವಳ ಪರಿಣಾಮ ಶುಭವೇ ಆಗಿದೆ; ಅದರ ಪುಣ್ಯ ಅವಳದು. ದೋಷವಿರುವುದು ಕಂಡೂ ಕಾಣದಂತೆ ಉಣ್ಣುವವರಲ್ಲಿ. ಷೋಡಶ ಭಾವನೆಗಳಲ್ಲಿ ತ್ಯಾಗವನ್ನೂ ತಪವನ್ನೂ ಹೇಳುವಾಗ 'ಶಕ್ತಿತಃ' ಎಂಬ ಮಾತನ್ನು ಸೇರಿಸಿರುವುದು ಸುಮ್ಮನೆ ಅಲ್ಲ. ಉದ್ಯಾಪನೆಯ ವಿಷಯದಲ್ಲಿಯೂ ಹಾಗೆಯೇ: ಅದನ್ನು ನಡೆಸುವ ಶಕ್ತಿಯಿಲ್ಲದವರು ವ್ರತವನ್ನು ಇಮ್ಮಡಿ ಕಾಲ ಆಚರಿಸಿದರೆ ಸಾಕೆಂದು ವ್ರತಕಥೆಗಳೇ ದಾರಿ ತೋರಿಸಿವೆ. ಹೀಗಿದ್ದೂ ಬಂಗಾರ ಒತ್ತೆಯಿಟ್ಟು ಉದ್ಯಾಪನೆ ಮಾಡಿಸುವ ಮನೆಗಳುಂಟು. ಒತ್ತೆಯ ಬಡ್ಡಿಯನ್ನು ಯಾವ ವ್ರತಕಥೆಯೂ ಕೇಳಿಲ್ಲ.

ಹಾಗಾದರೆ ಕೈ ಬಿಗಿಯಾದ ತಿಂಗಳಲ್ಲಿ ಶ್ರಾವಕನ ಮನೆ ಏನು ಮಾಡಬೇಕು? ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಭೋಗೋಪಭೋಗ ಪರಿಮಾಣವನ್ನು ವಿವರಿಸುವಾಗ ಯಮ, ನಿಯಮ ಎಂಬ ಎರಡು ಬಗೆಗಳನ್ನು ಹೇಳುತ್ತಾರೆ. ಜೀವನಪರ್ಯಂತ ಹಿಡಿದುದು ಯಮ; ಕಾಲವನ್ನು ಗೊತ್ತುಮಾಡಿಕೊಂಡು ಹಿಡಿದುದು ನಿಯಮ. ಆ ಕಾಲ ಒಂದು ಹಗಲಾಗಬಹುದು, ಪಕ್ಷವಾಗಬಹುದು, ತಿಂಗಳಾಗಬಹುದು, ಋತುವಾಗಬಹುದು. ಸಂಬಳಗಾರನಿಗೆ ಈ ತಿಂಗಳ ಲೆಕ್ಕ ಬಹಳ ಹತ್ತಿರದ್ದು. ಸಂಬಳ ತಡವಾಗುವುದೆಂದು ತಿಳಿದ ದಿನವೇ ಮನೆಯವರೆಲ್ಲ ಒಟ್ಟಿಗೆ ಕುಳಿತು, ಒಂದು ಪಕ್ಷ ಸಕ್ಕರೆಯನ್ನೋ ತುಪ್ಪವನ್ನೋ ಬಿಡುತ್ತೇವೆಂದು ಸಂಕಲ್ಪಿಸಿದರೆ ಅದು ರಸಪರಿತ್ಯಾಗ. ಎಲ್ಲರೂ ಒಂದೊಂದು ತುತ್ತು ಕಡಿಮೆ ಉಂಡರೆ ಅವಮೌದರ್ಯ. ಬೆಳೆಯುವ ಮಕ್ಕಳು, ಬಸುರಿ ಬಾಣಂತಿಯರು, ರೋಗಿಗಳು ಇದರಿಂದ ಹೊರಗೆ. ಇಲ್ಲಿ ಒಂದು ಎಚ್ಚರಿಕೆ ಬೇಕು. "ಸಂಬಳ ಬರುವವರೆಗೆ ಬಿಟ್ಟೆ" ಎಂಬ ಸಂಕಲ್ಪ ನಿಯಮವಾಗದು. ಅದರ ತುದಿ ಇನ್ನೊಬ್ಬನ ಪೆಟ್ಟಿಗೆಯಲ್ಲಿದೆ, ಮನಸ್ಸು ದಿನವೂ ಆ ಪೆಟ್ಟಿಗೆಯ ಕಡೆಗೇ ಹರಿಯುತ್ತದೆ. ಹುಣ್ಣಿಮೆಯವರೆಗೆ ಎಂದು ಹಿಡಿದವನು ನಡುವೆ ಸಂಬಳ ಬಂದರೂ ಹುಣ್ಣಿಮೆಯವರೆಗೆ ನಡೆಸಬೇಕು. ಆಗ ಅದು ಅವನ ವ್ರತ.

ಪರಿಗ್ರಹ ಪರಿಮಾಣದ ವಿಚಾರದಲ್ಲಿ ಗೃಹಸ್ಥರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ. ಹೊಲ, ಮನೆ, ಬಂಗಾರಗಳಿಗೆ ಮಿತಿ ಹಾಕುತ್ತಾರೆ. ಇಲ್ಲದ ಹಣದ ಖರ್ಚಿಗೆ ಹಾಕುವುದಿಲ್ಲ. ಹೇಳಿದ ಸಂಬಳ 14,000 ಎಂದು ಅದರ ಮೇಲೆ ಕಂತು ಕಟ್ಟುವವನು, ಬಂದ ಸಂಬಳ 8,000 ಆದ ತಿಂಗಳಲ್ಲಿ ಮುಳುಗುತ್ತಾನೆ. ಹಿಂದಿನ ವರ್ಷದ ಹನ್ನೆರಡು ತಿಂಗಳುಗಳಲ್ಲಿ ಎಲ್ಲಕ್ಕಿಂತ ಕಡಿಮೆ ಬಂದ ತಿಂಗಳು ಯಾವುದೋ, ಆ ಮೊತ್ತವೇ ಮನೆಯ ಅಳತೆಗೋಲಾಗಬೇಕು. ಹೆಚ್ಚು ಬಂದ ತಿಂಗಳ ಉಳಿಕೆ ಒಂದೆಡೆ ಕೂಡಬೇಕು. ಬರಿಯ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಒಯ್ಯುವ ಪಿಗ್ಮಿ ಠೇವಣಿ ಕರಾವಳಿಯಲ್ಲಿ 1928ರಲ್ಲಿಯೇ ಆರಂಭವಾಯಿತು. ಚಿಕ್ಕ ಉಳಿತಾಯಕ್ಕೆ ದೊಡ್ಡ ಸಂಬಳ ಬೇಕಿಲ್ಲ. ಇನ್ನು ಹಣ ಬಂದ ದಿನದ ಕ್ರಮ: ಮೊದಲು ಕಾಳುಕಡಿ, ಆಮೇಲೆ ಅಂಗಡಿಯ ಉದ್ರಿ, ಅನಂತರ ಮಿಕ್ಕುದು. ಅಂಗಡಿಯವನೂ ಒಬ್ಬ ಗೃಹಸ್ಥ. ಪೂರ್ತಿ ಕೊಡಲಾಗದಿದ್ದರೆ ಅವನ ಕಣ್ಣು ತಪ್ಪಿಸಿ ಬೇರೆ ಬೀದಿಯಲ್ಲಿ ಹೋಗುವುದಕ್ಕಿಂತ, ನೂರೋ ಇನ್ನೂರೋ ಕೊಟ್ಟು ಮುಂದಿನ ದಿನ ಹೇಳುವುದು ಲೇಸು.

ಚಿಂತೆಯ ಮಾತು ಬೇರೆ. ಸಾಮಾಯಿಕಕ್ಕೆ ಕುಳಿತರೂ ತಾರೀಖೇ ಎಣಿಕೆಗೆ ಬರುತ್ತದೆಂದು ನಾಚುವವರು ಉಂಟು. ಆರ್ತಧ್ಯಾನವು ವ್ರತ ಹಿಡಿದ ದೇಶವಿರತನಿಗೂ ಉಂಟಾಗುತ್ತದೆಂದು ಸೂತ್ರಕಾರರೇ ಒಪ್ಪಿದ್ದಾರೆ. ಅದನ್ನು ಗುರುತಿಸಿದವನು ಮತ್ತೆ ಜಪಕ್ಕೆ ಮರಳಬಹುದು.

ಆದರೆ ಸಂಬಳ ತಡೆಹಿಡಿಯುವವನಿಗೆ ಅಷ್ಟು ಸುಲಭದ ಸಮಾಧಾನವಿಲ್ಲ. ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಕೊನೆಯದು ಅನ್ನಪಾನನಿರೋಧ. ಗೋವು ಮೊದಲಾದವುಗಳಿಗೆ ಹಸಿವು ನೀರಡಿಕೆಗಳ ಬಾಧೆ ಉಂಟುಮಾಡುವುದು ಎಂದು ಪೂಜ್ಯಪಾದರು ಅದರ ಅರ್ಥವನ್ನು ಹೇಳುತ್ತಾರೆ. ಕೊಟ್ಟಿಗೆಯ ಎತ್ತಿಗೆ ಹೊತ್ತಿಗೆ ಸರಿಯಾಗಿ ಮೇವು ಹಾಕದವನು ವ್ರತಕ್ಕೆ ಕುಂದು ತಂದುಕೊಳ್ಳುವನಾದರೆ, ದುಡಿದ ಮನುಷ್ಯನ ಸಂಬಳವನ್ನು ಹಿಡಿದಿಟ್ಟವನ ಗತಿಯೇನು? ಕಾಯಿದೆ ಹೇಳುವುದೂ ಅದನ್ನೇ: 1936ರ ವೇತನ ಪಾವತಿ ಕಾಯಿದೆ ಸಾವಿರಕ್ಕಿಂತ ಕಡಿಮೆ ಕೆಲಸಗಾರರಿರುವ ಕಡೆ ಮುಂದಿನ ತಿಂಗಳ ಏಳನೆಯ ದಿನದೊಳಗೆ ಕೊಡಬೇಕೆಂದಿತು; 2019ರ ವೇತನ ಸಂಹಿತೆಯೂ ಮಾಸಿಕ ವೇತನಕ್ಕೆ ಏಳನೆಯ ದಿನವನ್ನೇ ಗಡುವಾಗಿ ಇಟ್ಟಿತು. ಗಿರಣಿಯನ್ನೋ ಅಂಗಡಿಯನ್ನೋ ಶಾಲೆಯನ್ನೋ ನಡೆಸುವ ಶ್ರಾವಕರು ಈ ಓದುಗರಲ್ಲಿಯೂ ಇದ್ದಾರೆ. ಪಂಚಕಲ್ಯಾಣದ ಸವಾಲಿನಲ್ಲಿ ಹಣ ಕೂಗುವ ಮುನ್ನ ತಮ್ಮ ಕೆಲಸಗಾರರ ಹಾಜರಿ ಪುಸ್ತಕವನ್ನು ಒಮ್ಮೆ ತೆರೆದು ನೋಡಬೇಕು. ಆಶಾಧರಸೂರಿಗಳು ಸಾಗಾರಧರ್ಮಾಮೃತದಲ್ಲಿ ಗೃಹಸ್ಥನ ಗುಣಗಳನ್ನು ಎಣಿಸುವಾಗ ನ್ಯಾಯೋಪಾತ್ತ ಧನವನ್ನೇ ಮೊದಲಿಗೆ ಇಟ್ಟರು. ಇನ್ನೊಬ್ಬರಿಗೆ ಸಲ್ಲಬೇಕಾದುದನ್ನು ಇಟ್ಟುಕೊಂಡು ಕೊಟ್ಟ ದಾನಕ್ಕೆ ಆ ಹೆಸರು ಬಾರದು.

ನೆರೆಹೊರೆಯ ಸಾಧರ್ಮಿಗಳಿಗೂ ಇಲ್ಲಿ ಕೆಲಸವುಂಟು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತೀಕರಣವೂ ವಾತ್ಸಲ್ಯವೂ ಸೇರಿವೆ. ಬಡ್ಡಿಯಿಲ್ಲದ ಕೈಗಡವನ್ನು ಯಾರಿಗೂ ಹೇಳದೆ ಕೊಡುವುದು ಈ ಅಂಗಗಳ ಪಾಲನೆಯೇ. ಬಸದಿಯ ಜಗಲಿಯಲ್ಲಿ ಅದರ ಸುದ್ದಿ ಹಬ್ಬಿಸಿದರೆ ಕೊಟ್ಟುದಕ್ಕಿಂತ ಕಸಿದುಕೊಂಡದ್ದೇ ಹೆಚ್ಚಾಗುತ್ತದೆ.

ಮೊದಲು ಹೇಳಿದ ಮನೆಯಲ್ಲಿ ಸತ್ಯ ಹೊರಬಿದ್ದುದು ಅತ್ತೆಯಿಂದ. ಪಂಚಾಂಗ ನೋಡಿದ ಮುದುಕಿ, "ಇವತ್ತು ಷಷ್ಠಿ ಅಲ್ಲೇನವ್ವಾ? ಷಷ್ಠಿಗೆ ಯಾವ ಒಪ್ಪತ್ತು?" ಎಂದಳು. ಸೊಸೆ ಉತ್ತರಿಸಲಿಲ್ಲ. ಅತ್ತೆ ಎದ್ದು ಹಿಟ್ಟಿನ ಡಬ್ಬಿಯ ಮುಚ್ಚಳ ತೆಗೆದು ನೋಡಿ, ಮಗನನ್ನು ಒಳಗೆ ಕರೆದಳು. ಆ ಸಂಜೆ ಸೂರ್ಯಾಸ್ತಕ್ಕೆ ಮೊದಲು ಇದ್ದ ಎಂಟು ರೊಟ್ಟಿಗಳು ಐದು ತಾಟುಗಳಿಗೆ ಹಂಚಿಕೆಯಾದುವು; ಮೊದಲ ತಾಟು ಸೊಸೆಯದು. ಎರಡು ದಿನ ಕಳೆದು ಅಷ್ಟಮಿ ಬಂದಾಗ ಅತ್ತೆ ಸೊಸೆಯರಿಬ್ಬರೂ ಬೆಳಗ್ಗೆ ಬಸದಿಗೆ ಹೋಗಿ, ಜಿನಬಿಂಬದ ಮುಂದೆ ನಿಂತು ಅಂದಿನ ಒಪ್ಪತ್ತಿನ ನಿಯಮವನ್ನು ತೆಗೆದುಕೊಂಡರು.