ತುಂಬಿದ ಮೇಲೆ ಹೊರಡುವ ಗಾಡಿ

ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಓಡಾಡಿದವರಿಗೆ ಟಂಟಂ ಗೊತ್ತೇ ಇರುತ್ತದೆ. ಅದಕ್ಕೆ ವೇಳಾಪಟ್ಟಿ ಇಲ್ಲ, ಇರುವುದು ಒಂದೇ ನಿಯಮ: ತುಂಬಿದ ಮೇಲೆ ಹೊರಡುವುದು. ಮೊದಲು ಬಂದು ಕೂತವರು ಎಲ್ಲರಿಗಿಂತ ಹೆಚ್ಚು ಕಾಯುತ್ತಾರೆ. ಕಡೆಗೆ ಬಂದವರು ಕೂರುವಷ್ಟರಲ್ಲಿ ಗಾಡಿ ಹೊರಟಿರುತ್ತದೆ. ಬಾಡಿಗೆ ಮಾತ್ರ ಇಬ್ಬರಿಗೂ ಅಷ್ಟೇ. “ಯಾವಾಗ ಬಿಡ್ತೀಯಪಾ?” ಎಂದು ಮುದುಕಿಯೊಬ್ಬಳು ಕೇಳಿದರೆ, “ಇನ್ನಿಬ್ಬರು ಬರ್ಲಿ ತಡಿ ಯವ್ವಾ” ಎಂಬ ಉತ್ತರ ಸಿಗುತ್ತದೆ.

ಈ ಉತ್ತರದಲ್ಲಿ ಮೋಸವೇನೂ ಇಲ್ಲ. ಖಾಲಿ ಗಾಡಿ ಓಡಿಸಿದರೆ ನಷ್ಟ ಚಾಲಕನದು. ಬಸ್ಸು ಬಾರದ ಎಷ್ಟೋ ಹಳ್ಳಿಗಳಿಗೆ ಹೋಗುವವನೂ ಅವನೇ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಾಯುವುದೂ ಒಂದು ಖರ್ಚೇ ಆಗಿದ್ದರೆ, ಅದನ್ನು ಯಾರು ಹೊರಬೇಕು?

ಬಸ್ಸಿನ ನಿಯಮ ಬೇರೆ. ಹನ್ನೊಂದು ಗಂಟೆಯ ಬಸ್ಸು ಒಳಗೆ ನಾಲ್ಕೇ ಜನರಿದ್ದರೂ ಹನ್ನೊಂದಕ್ಕೆ ಹೊರಡಬೇಕು. ಟಂಟಂ ವ್ಯವಹರಿಸುವುದು ಒಳಗೆ ಕೂತವರ ಜೊತೆ ಮಾತ್ರ. ಬಸ್ಸು ಇನ್ನೂ ಹತ್ತದವರಿಗೂ, ಎರಡು ಊರಾಚೆಯ ಕಟ್ಟೆಯ ಮೇಲೆ ಕಾದು ಕೂತವಳಿಗೂ ಮಾತು ಕೊಟ್ಟಿರುತ್ತದೆ. ಮುಖ ನೋಡದ, ಹೆಸರು ಗೊತ್ತಿಲ್ಲದ ಒಬ್ಬರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಸಣ್ಣ ನೀತಿಯಲ್ಲ. ಸಾರ್ವಜನಿಕ ಎಂಬ ಪದಕ್ಕೆ ನನಗೆ ಹೊಳೆಯುವ ಸರಳ ಅರ್ಥ ಇದೇ.

ಈ ಸೀಮೆಗೆ ಅಂಥ ಮಾತು ಮೊದಲು ಬಂದದ್ದು ರೈಲಿನ ಮೂಲಕ. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲುಮಾರ್ಗ ತೆರೆಯಿತು. ಚಿತ್ತಾಪುರ ಮತ್ತು ಸೇಡಂ ಆ ಹಳಿಯ ಮೇಲಿವೆ. ಅವೆರಡರ ನಡುವೆ, ಒಂದು ಕಾಲದಲ್ಲಿ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟಕ್ಕೆ ಇಂದು ‘ಮಳಖೇಡ ರೋಡ್’ ಎಂಬ ನಿಲ್ದಾಣವಿದೆ. 1932ರಲ್ಲಿ ಹೈದರಾಬಾದ್ ಸಂಸ್ಥಾನದ ರೈಲ್ವೆ ಇಲಾಖೆಯೇ 27 ಬಸ್ಸುಗಳೊಂದಿಗೆ ರಸ್ತೆ ಸಾರಿಗೆಯನ್ನೂ ಆರಂಭಿಸಿತು. ಚಿಂಚೋಳಿಗೆ ಮಾತ್ರ ಇವತ್ತಿಗೂ ರೈಲಿಲ್ಲ. ಹಾಗಾಗಿ ಅಲ್ಲಿನವರಿಗೆ ಬಸ್ಸು ಕೊಡುವ ಮಾತಿನ ತೂಕ ಹೆಚ್ಚು.

“ನಾಲ್ಕು ಜನರಿಗಾಗಿ ಬಸ್ಸು ಓಡಿಸುವುದು ದಂಡವಲ್ಲವೇ?” ಎಂದು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ, ಏಕೆಂದರೆ ಅದು ಎಲ್ಲರ ತೆರಿಗೆ ಹಣ. ಆದರೆ ಜನರಿಲ್ಲವೆಂದು ಒಂದು ಸರದಿ ನಿಲ್ಲಿಸಿದರೆ, ಬಸ್ಸನ್ನು ನಂಬಲಾಗದೆಂದು ಜನ ಇನ್ನಷ್ಟು ಕಡಿಮೆಯಾಗುತ್ತಾರೆ. ನಂಬಿಕೆ ಬರಲಿ, ಆಮೇಲೆ ಮಾತು ಕೊಡುತ್ತೇವೆ ಎಂದರೆ ಆಗುವುದಿಲ್ಲ. ಮಾತು ಮೊದಲು, ನಂಬಿಕೆ ಆಮೇಲೆ.

ಜಾನ್ ರಾಲ್ಸ್ 1971ರ ತನ್ನ ‘ಎ ಥಿಯರಿ ಆಫ್ ಜಸ್ಟಿಸ್’ ಕೃತಿಯಲ್ಲಿ ಒಂದು ಪರೀಕ್ಷೆ ಹೇಳುತ್ತಾನೆ: ಸಮಾಜದಲ್ಲಿ ನಿಮ್ಮ ಸ್ಥಾನ ಯಾವುದೆಂದು ತಿಳಿಯದೆ ನಿಯಮಗಳನ್ನು ಆರಿಸಿ. ಇದನ್ನು ನಮ್ಮ ರಸ್ತೆಗೆ ತಂದು ನೋಡೋಣ. ನೀವು ಸ್ವಂತ ಬೈಕಿರುವ ಮೇಷ್ಟ್ರಾಗಿರಬಹುದು. ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದವರೋ, ಶಹಾಬಾದಿನ ಕಲ್ಲುಗಣಿಯ ಕೂಲಿಯೋ, ಚಿಂಚೋಳಿ ತಾಲ್ಲೂಕಿನ ತಾಂಡಾದಿಂದ ಕಾಲೇಜಿಗೆ ಹೊರಟ ಹುಡುಗಿಯೋ ಆಗಿರಬಹುದು. ಯಾರೆಂದು ತಿಳಿಯದಿದ್ದಾಗ ‘ತುಂಬಿದ ಮೇಲೆ’ ಎಂಬ ನಿಯಮವೊಂದನ್ನೇ ನಂಬಿಕೊಳ್ಳಲು ಎಷ್ಟು ಜನ ಒಪ್ಪುತ್ತೇವೆ?

ಆ ಹುಡುಗಿಯ ವಿಷಯದಲ್ಲಿ ಇನ್ನೊಂದು ಮಾತಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಆಕೆಗೆ ಶೂನ್ಯ ದರದ ಟಿಕೆಟ್ ಸಿಗುತ್ತದೆ. ಅಪ್ಪನನ್ನೋ ಗಂಡನನ್ನೋ ದುಡ್ಡು ಕೇಳದೆ ಊರು ದಾಟುವುದು ಎಂಥ ಬಿಡುಗಡೆ ಎಂಬುದನ್ನು ವಿವರಿಸಬೇಕಿಲ್ಲ. ಆದರೆ ದಿನಕ್ಕೆ ಎರಡೇ ಬಸ್ಸು ಬರುವ ಊರಿನಲ್ಲಿ ಆಕೆ ದುಡ್ಡಿನ ಬದಲು ಸಮಯ ಕೊಡುತ್ತಾಳೆ. ಬಸ್ಸೇ ಬಾರದ ಊರಿನಲ್ಲಿ ಟಂಟಂಗೆ ದುಡ್ಡನ್ನೂ ಕೊಟ್ಟು, ಅದು ತುಂಬುವವರೆಗೆ ಸಮಯವನ್ನೂ ಕೊಡುತ್ತಾಳೆ. ಹಕ್ಕು ಕಾಗದದ ಮೇಲೆ ಎಲ್ಲರಿಗೂ ಒಂದೇ ಇದ್ದರೂ, ಅದನ್ನು ಬಳಸಲು ತೆರುವ ಬೆಲೆ ಒಂದೇ ಅಲ್ಲ.

ಶೂನ್ಯ ಟಿಕೆಟ್ ಪಡೆದವರ ಲೆಕ್ಕ ಯಂತ್ರದಲ್ಲಿ ಉಳಿಯುತ್ತದೆ. ಕಾದು ಕಾದು ಮನೆಗೆ ಮರಳಿದವಳು, ಕಾಯಲಾರದೆ ಓದನ್ನೇ ಬಿಟ್ಟವಳು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಒಂದು ಸಾರಿಗೆ ವ್ಯವಸ್ಥೆ ನ್ಯಾಯವಾಗಿದೆಯೇ ಎಂದು ತಿಳಿಯಬೇಕಾದರೆ ಹತ್ತಿದವರ ಜೊತೆಗೆ ಹತ್ತಲಾಗದೆ ಉಳಿದವರನ್ನೂ ಕೇಳಬೇಕು.