ಪಣ ತೊಟ್ಟವರು, ಪಣ ಒಡ್ಡಿದವರು

"ನೋಡಪ್ಪ, ರೊಕ್ಕ ಕಟ್ಟಿದೋನು ರೇಸ್ ನೋಡ್ತಾನೆ. ನೀನು ಬರೀ ಟಿವಿ ನೋಡ್ತೀಯ."

ಕಳೆದ ಜುಲೈನ ಒಂದು ಮಳೆ ಸಂಜೆ, ದಾವಣಗೆರೆಯ ಪಿ.ಬಿ. ರಸ್ತೆ ಬದಿಯ ಅಂಗಡಿಯಲ್ಲಿ ಮಂಡಕ್ಕಿ–ಮೆಣಸಿನಕಾಯಿ ತಿನ್ನುತ್ತ ನನ್ನ ಗೆಳೆಯ ಹೇಳಿದ ಮಾತಿದು. ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್ ನಡೆಯುವ ಮೂರು ವಾರ ನಾವು ನಾಲ್ಕೈದು ಜನ ಅಲ್ಲಿ ಸೇರುತ್ತೇವೆ. 21 ಹಂತ, ಸುಮಾರು 3,400 ಕಿಲೋಮೀಟರ್. ದಿನದಿನದ ಸಮಯ ಕೂಡುತ್ತ ಹೋಗಿ, ಕೊನೆಗೆ ಎಲ್ಲರಿಗಿಂತ ಕಡಿಮೆ ಹೊತ್ತು ತೆಗೆದುಕೊಂಡವನಿಗೆ ಹಳದಿ ಅಂಗಿ. ಗೆಳೆಯ ಪ್ರತಿ ಹಂತಕ್ಕೂ ಯಾರ ಮೇಲಾದರೂ ಬಾಜಿ ಕಟ್ಟುತ್ತಾನೆ. ನಾನು ಬಿಟ್ಟು ಕೆಲವು ವರ್ಷಗಳಾದವು. ಅವನ ಮಾತಿಗೆ ಬಂದ ಸಿಟ್ಟು ಮನೆಗೆ ಹೋದ ಮೇಲೂ ಇಳಿಯಲಿಲ್ಲ. ಹಣ ಇಡದವನ ಕಣ್ಣು ಕಣ್ಣೇ ಅಲ್ಲ, ಅವನ ನಂಬಿಕೆ ನಂಬಿಕೆಯೇ ಅಲ್ಲ ಅನ್ನುವ ಅಧಿಕಾರ ಇವರಿಗೆ ಕೊಟ್ಟವರು ಯಾರು?

ಜೂಜು ಪಾಪವೋ ಅಲ್ಲವೋ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಮನು ಜಡವಸ್ತುಗಳಿಂದ ಆಡುವುದನ್ನು ದ್ಯೂತ ಎಂದ, ಜೀವಿಗಳ ಮೇಲೆ ಕಟ್ಟುವುದನ್ನು ಸಮಾಹ್ವಯ ಎಂದ, ಎರಡಕ್ಕೂ ಶಿಕ್ಷೆ ಬರೆದ. ಧರ್ಮರಾಯನ ಕಥೆ ಮಕ್ಕಳಿಗೂ ಗೊತ್ತು. ಕೌಶಲವೋ ಅದೃಷ್ಟವೋ ಎಂಬ ಕೋರ್ಟಿನ ವ್ಯಾಜ್ಯವೂ ನನ್ನನ್ನು ಹಿಡಿದು ನಿಲ್ಲಿಸುವುದಿಲ್ಲ. 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸನ್ನು ಕೌಶಲದ ಆಟ ಎಂದಿತು. 2025ರ ಕಾಯ್ದೆ ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಆ ಭೇದವನ್ನೇ ನೋಡದೆ ನಿಷೇಧಿಸಿತು. ಅದೆಲ್ಲ ದಂಡದ ಲೆಕ್ಕ. ನನಗೆ ಬೇಕಾದದ್ದು ನಂಬಿಕೆಯ ಲೆಕ್ಕ.

ಗೆಳೆಯನ ಮಾತಿಗೆ ದೊಡ್ಡವರ ಬೆಂಬಲವಿದೆ, ಕಿರಿಕಿರಿ ಹೆಚ್ಚಾಗುವುದೇ ಅಲ್ಲಿ. ಒಬ್ಬನ ಮಾತು ಬರೀ ಹಟವೋ ಗಟ್ಟಿ ನಂಬಿಕೆಯೋ ಎಂದು ತಿಳಿಯಲು ಬಾಜಿಯೇ ಒರೆಗಲ್ಲು ಎಂದು ತತ್ವಜ್ಞಾನಿ ಕಾಂಟ್ ಬರೆದಿದ್ದಾನೆ: ಒಂದು ಚಿನ್ನದ ನಾಣ್ಯ ಕಟ್ಟಲು ಹಿಂಜರಿಯದವನು ಹತ್ತು ಅಂದ ಕೂಡಲೇ ತಡವರಿಸುತ್ತಾನೆ. ಇದನ್ನೇ ಲೆಕ್ಕಕ್ಕೆ ತಂದವನು ಕೇಂಬ್ರಿಜ್‌ನ ಫ್ರಾಂಕ್ ರ‍್ಯಾಮ್ಸೆ. 1930ರಲ್ಲಿ ತೀರಿಕೊಂಡಾಗ ಅವನಿಗೆ 26 ವರ್ಷ. 'ಸತ್ಯ ಮತ್ತು ಸಂಭವನೀಯತೆ' ಎಂಬ 1926ರ ಪ್ರಬಂಧದಲ್ಲಿ ಅವನು ಹೇಳುವುದಿಷ್ಟು: ಎದೆಯೊಳಗೆ ಎಷ್ಟು ಬಿಸಿ ಇದೆ ಎಂಬುದರಿಂದ ನಂಬಿಕೆಯ ಬಲ ತಿಳಿಯುವುದಿಲ್ಲ, ಅದನ್ನು ನೆಚ್ಚಿ ಏನು ಮಾಡಲು ತಯಾರಿದ್ದೀರಿ ಎಂಬುದರಿಂದ ತಿಳಿಯುತ್ತದೆ. ಎಷ್ಟಕ್ಕೆ ಎಷ್ಟು ಕಟ್ಟುತ್ತೀರಿ ಎಂದು ಕೇಳಿದರೆ ಅಳತೆ ಸಿಕ್ಕಿತು. ಬದುಕಿಡೀ ನಾವು ಮಾಡುವುದೂ ಒಂದು ಅರ್ಥದಲ್ಲಿ ಇದನ್ನೇ ಎನ್ನುತ್ತಾನೆ. ರೈಲು ಹಿಡಿಯಲು ನಿಲ್ದಾಣಕ್ಕೆ ಹೊರಟವನು ರೈಲು ಬರುತ್ತದೆಂದು ಬಾಜಿ ಕಟ್ಟಿದವನೇ.

ಮೊದಲ ಓದಿಗೆ ನನಗೆ ಹೊಳೆದ ಆಕ್ಷೇಪ ರೇಸಿನದ್ದೇ. ಬಾಜಿ ಕಟ್ಟಬೇಕಾದರೆ ಒಂದು ಹೆಸರು ಬೇಕು, ಆ ಹೆಸರಿಗೊಂದು ಫಲಿತಾಂಶ ಬೇಕು. ಟೂರ್‌ನಲ್ಲಿ ಓಡುವ ಬಹುಪಾಲು ಜನರಿಗೆ ಅದಿಲ್ಲ. ಬೆಲ್ಜಿಯಂನ ಟಿಮ್ ಡೆಕ್ಲೆರ್ಕ್ ಎಂಬ ಸವಾರನಿಗೆ 'ಟ್ರ್ಯಾಕ್ಟರ್' ಎಂದೇ ಅಡ್ಡಹೆಸರು. ಗುಂಪಿನ ಮುಂದೆ ಗಂಟೆಗಟ್ಟಲೆ ಎದುರುಗಾಳಿ ಸೀಳುತ್ತ, ಹಿಂದಿರುವ ತನ್ನ ತಂಡದವರ ಶಕ್ತಿ ಉಳಿಸುವುದು ಅವನ ಕೆಲಸವಾಗಿತ್ತು. ಗೆಲುವಿನ ಗೆರೆ ಹತ್ತಿರ ಬರುವಾಗ ಅವನು ಹಿಂದೆ ಸರಿದಿರುತ್ತಿದ್ದ. 2021ರ ಟೂರ್ ಮುಗಿಸಿದವರಲ್ಲಿ ಕಟ್ಟಕಡೆಯವನು ಅವನೇ. ಗೆಳೆಯ ಅವನ ಮೇಲೆ ಒಂದು ರೂಪಾಯಿ ಕಟ್ಟಿದ್ದನ್ನೂ ನಾನು ಕಂಡಿಲ್ಲ. ಹಾಗಾದರೆ ಆ ಬೆನ್ನನ್ನು ದಿನವೆಲ್ಲ ನೋಡಿದ ನಾನು ಕಂಡದ್ದು ರೇಸೋ, ಟಿವಿಯೋ?

ಇನ್ನೊಂದು ಆಕ್ಷೇಪ ನನ್ನ ಬಾಲ್ಯದ್ದು, ಅದು ಇದಕ್ಕಿಂತ ಆಳಕ್ಕೆ ಇಳಿಯುತ್ತದೆ. ನಾನು ಹುಟ್ಟಿ ಬೆಳೆದದ್ದು ಹರಿಹರದಲ್ಲಿ. ನಾಲ್ಕನೇ ಕ್ಲಾಸಿನಲ್ಲಿದ್ದಾಗ ನಮ್ಮ ಮನೆ ಹಿಂದಿನ ಬಯಲಿಗೆ ಒಬ್ಬ ಸೈಕಲ್ಲಿನವನು ಬಂದ. ಏಳು ದಿನ, ಏಳು ರಾತ್ರಿ ಕಾಲು ನೆಲಕ್ಕೆ ತಾಗಿಸದೆ ಸುತ್ತುವುದು ಅವನ ಪಣ. ನಡುವೆ ಬಿದಿರಿನ ಗಳ, ಅದಕ್ಕೊಂದು ಲೌಡ್ ಸ್ಪೀಕರು, ರಾತ್ರಿಗೆ ಗ್ಯಾಸ್ ಲೈಟು. ಸೈಕಲ್ ಮೇಲೇ ಊಟ, ಅಲ್ಲೇ ಕ್ಷೌರ. ಅವನ ಹೆಂಡತಿ ಓಡುತ್ತ ಬಂದು ತಲೆ ಮೇಲೆ ಕೊಡ ಸುರಿದರೆ ಅದೇ ಸ್ನಾನ. ಜನ ಅವನ ಅಂಗಿಗೆ ನೋಟು ಚುಚ್ಚುತ್ತಿದ್ದರು. ನಮ್ಮಪ್ಪನೂ ಒಂದು ರೂಪಾಯಿಯ ನೋಟಿಗೆ ಗುಂಡುಸೂಜಿ ಸಿಕ್ಕಿಸಿ, ಅವನ ಜೊತೆ ನಾಲ್ಕು ಹೆಜ್ಜೆ ಓಡಿ, ಎದೆಯ ಬಳಿ ಚುಚ್ಚಿದ್ದು ನೆನಪಿದೆ.

ನಾವು ಹುಡುಗರು ಗೋಲಿ ಕಟ್ಟಿದೆವು. ಐದನೇ ರಾತ್ರಿ ಅವನು ಕಾಲಿಡುತ್ತಾನೆ ಎಂದು ನನ್ನ ಇಪ್ಪತ್ತು ಗೋಲಿ. ಆ ರಾತ್ರಿ ನಾನು ನೋಡಿದ್ದು ಅವನ ಬಲಗಾಲನ್ನು ಮಾತ್ರ. ಹವಾಯಿ ಚಪ್ಪಲಿಯ ನೀಲಿ ಪಟ್ಟಿ, ಊದಿಕೊಂಡ ಮೀನಖಂಡ, ಪೆಡಲ್ ಕೆಳಗೆ ಬಂದಾಗಲೆಲ್ಲ ನೆಲಕ್ಕೂ ಹಿಮ್ಮಡಿಗೂ ನಡುವಿನ ಒಂದು ಗೇಣು. ಅದು ತಾಗಲಿ ಎಂದು ಬೇಡಿಕೊಂಡೆ. ಬೆಳಿಗ್ಗೆ ಎದ್ದು ಓಡಿದರೆ ಅವನಿನ್ನೂ ಸುತ್ತುತ್ತಿದ್ದ, ನನಗೆ ಅಳು ಬಂತು. ಒಬ್ಬ ಮನುಷ್ಯ ಬೀಳಲಿಲ್ಲವಲ್ಲ ಎಂದು ಅತ್ತ ನೆನಪು ಈಗಲೂ ನನ್ನನ್ನು ಚುಚ್ಚುತ್ತದೆ. ಬಾಜಿ ನನ್ನ ನಂಬಿಕೆಯನ್ನು ಅಳೆಯಲಿಲ್ಲ, ಅದನ್ನು ಆಸೆಯಾಗಿ ಮಾರ್ಪಡಿಸಿತು.

ಇದನ್ನು ರ‍್ಯಾಮ್ಸೆಯ ಮುಖಕ್ಕೆ ಹಿಡಿಯಬೇಕೆಂದು ಪ್ರಬಂಧವನ್ನು ಮತ್ತೆ ತೆರೆದೆ. ನೋಡಿದರೆ ಈ ಮಾತನ್ನು ಅವನೇ ಆಡಿಬಿಟ್ಟಿದ್ದಾನೆ. ಬಾಜಿಯ ಅಳತೆ ಕರಾರುವಾಕ್ಕಲ್ಲ. ಕೆಲವರಿಗೆ ಬಾಜಿಯ ರೋಮಾಂಚನವೇ ಇಷ್ಟ, ಕೆಲವರಿಗೆ ಅದು ಆಗದು. ಅಷ್ಟೇ ಅಲ್ಲ, ಬಾಜಿಗೆ ಬಾ ಎಂದು ಕರೆದರೇ ಸಾಕು, ಎದುರಿನವನ ಅಭಿಪ್ರಾಯ ಬದಲಾಗಬಹುದು. ವಿದ್ಯುತ್ ಕ್ಷೇತ್ರ ಅಳೆಯಲು ಒಂದು ಆವೇಶವನ್ನು ತಂದಿಟ್ಟರೆ ಆ ಕ್ಷೇತ್ರವೇ ಬದಲಾಗುವ ಹಾಗೆ. ಅದಕ್ಕೆಂದೇ ಅವನು ಹಣವನ್ನು ಬಿಟ್ಟು ಇನ್ನೂ ಸೂಕ್ಷ್ಮವಾದ ಅಳತೆಗೆ ಹೋಗುತ್ತಾನೆ. ನನ್ನ ಬಾಣ ನಾನು ಬಿಡುವ ಮೊದಲೇ ಅವನ ಬತ್ತಳಿಕೆಯಲ್ಲಿತ್ತು. ಗೆಳೆಯನ ವಾದ ಬಿದ್ದಿರಬಹುದು, ರ‍್ಯಾಮ್ಸೆಯದು ಬಿದ್ದಿಲ್ಲ. ಉಳಿದದ್ದು ಬದುಕಿಡೀ ಬಾಜಿಯೇ ಎಂಬ ರೈಲು ನಿಲ್ದಾಣದ ಮಾತು.

ಆ ಮಾತನ್ನು ನಾನು ಒಪ್ಪಲಾರೆ, ಕಾರಣ ನಮ್ಮಪ್ಪ. ಅವರು ಹರಿಹರದಿಂದ ದಾವಣಗೆರೆಯ ಒಂದು ಹತ್ತಿ ಗಿರಣಿಗೆ ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಹದಿನಾಲ್ಕು ಕಿಲೋಮೀಟರ್ ಹೋಗಲು, ಅಷ್ಟೇ ಬರಲು. ಮೊದಲ ಪಾಳಿಯಾದರೆ ನಸುಕಿನ ನಾಲ್ಕೂವರೆಗೇ ಡೈನಮೊದ ಗರ‍್ರೆನ್ನುವ ಸದ್ದು ಓಣಿ ದಾಟುತ್ತಿತ್ತು. ಒಂದು ಬೆಳಿಗ್ಗೆ ಗೇಟಿಗೆ ಬೀಗ ಬಿದ್ದಿತ್ತು. ರ‍್ಯಾಮ್ಸೆಯ ಲೆಕ್ಕದಲ್ಲಿ ಅವರು ದಿನಾ ಬಾಜಿ ಕಟ್ಟುತ್ತಿದ್ದರು, ಆವತ್ತು ಸೋತರು. ನನಗೆ ಈ ವಾಕ್ಯ ಬರೆಯಲೂ ಕಷ್ಟವಾಗುತ್ತದೆ. ಕನ್ನಡದಲ್ಲಿ ಪಣ ಎಂಬ ಒಂದೇ ಮಾತಿಗೆ ಎರಡು ಕ್ರಿಯಾಪದ ಅಂಟಿಕೊಂಡಿವೆ. ಪಣ ಒಡ್ಡಿದವನು ತನ್ನದೇನನ್ನೋ ಹೊರಗೆ, ಎದುರಿಗೆ ಇಡುತ್ತಾನೆ. ಸಾಕೆನಿಸಿದರೆ ಹಿಂದಕ್ಕೆಳೆಯಬಹುದು, ಬೆಲೆ ಕಟ್ಟಬಹುದು. ಪಣ ತೊಟ್ಟವನು ಅದನ್ನು ಅಂಗಿಯಂತೆ ಮೈಮೇಲೆ ಹಾಕಿಕೊಂಡಿರುತ್ತಾನೆ. ಬಯಲಿನ ಸೈಕಲ್ಲಿನವನು ತೊಟ್ಟಿದ್ದ, ನಾನು ಒಡ್ಡಿದ್ದೆ. ಅಪ್ಪ ತೊಟ್ಟವರು. ಇದು ನನ್ನ ವಾದದ ಗಟ್ಟಿ ಕಲ್ಲು ಎಂದುಕೊಂಡಿದ್ದೆ.

ಆದರೆ ಆ ಕಲ್ಲಿನ ಮೇಲೆ ನಿಂತಾಗ ಇನ್ನೊಬ್ಬರ ನೆನಪಾಗುತ್ತದೆ. ಅಪ್ಪನ ಜೊತೆ ಅದೇ ಪಾಳಿಯಲ್ಲಿದ್ದ ಒಬ್ಬರು ಬೀಗ ಬೀಳುವ ಒಂದು ವರ್ಷ ಮೊದಲೇ ಲೆಕ್ಕ ಹಾಕಿದ್ದರು. ಗೋದಾಮಿಗೆ ಬರುವ ಹತ್ತಿ ಅಂಡಿಗೆ ಕಡಿಮೆಯಾಗುತ್ತಿದೆ, ಬಟವಾಡೆ ತಡವಾಗುತ್ತಿದೆ, ಇನ್ನು ಇದು ನಡೆಯುವುದು ನಾಲ್ಕಕ್ಕೆ ಒಂದು ಪಾಲು ಎಂದವರೇ ಸಿಕ್ಕಷ್ಟು ತೆಗೆದುಕೊಂಡು ಮಂಡಕ್ಕಿ ಭಟ್ಟಿಗೆ ಸೇರಿದರು. ಅವರ ಮನೆಯಲ್ಲಿ ಒಲೆ ಆರಲಿಲ್ಲ. ಅಪ್ಪ ಮಾತ್ರ ಬೀಗ ಬಿದ್ದ ಮೇಲೂ ತಿಂಗಳುಗಟ್ಟಲೆ ಅದೇ ಗೇಟಿಗೆ ಸೈಕಲ್ ತುಳಿದರು, ಅಮ್ಮ ಓಲೆ ಮಾರಿದಳು. ತೊಟ್ಟದ್ದನ್ನು ಕಳಚಲು ಬಾರದವನ ನಂಬಿಕೆಯನ್ನು ನಾನು ಇಷ್ಟು ಹೊತ್ತು ಹೊಗಳಿದೆ. ಅದರ ಬೆಲೆ ತೆತ್ತವಳು ಅಮ್ಮ. ನಂಬಿದ್ದಕ್ಕೆ ಒಮ್ಮೆ ಬೆಲೆ ಕಟ್ಟಿ ನೋಡು ಎನ್ನುವ ರ‍್ಯಾಮ್ಸೆ ನಮ್ಮ ಮನೆಗೆ ಆಗ ಬಂದಿದ್ದರೆ ಒಳ್ಳೆಯದಿತ್ತು. ಇದನ್ನು ನಾನು ಒಪ್ಪಲೇಬೇಕು.

ಇನ್ನೂ ಒಂದನ್ನು ಒಪ್ಪಬೇಕು. ನಾನು ಕೊನೆಯ ಸಲ ಬಾಜಿ ಕಟ್ಟಿದ್ದು 2020ರಲ್ಲಿ. ಕೋವಿಡ್‌ನಿಂದಾಗಿ ಆ ವರ್ಷದ ಟೂರ್ ಸೆಪ್ಟೆಂಬರಿಗೆ ಹೋಗಿತ್ತು. ಸ್ಲೊವೇನಿಯಾದ ಪ್ರಿಮೊಜ್ ರೊಗ್ಲಿಚ್ ಮೇಲೆ ನನ್ನ ಐನೂರು. 19ನೇ ತಾರೀಕು, 20ನೇ ಹಂತ, 36.2 ಕಿಲೋಮೀಟರಿನ ಒಂಟಿ ಓಟ, ಕೊನೆಗೆ ಲಾ ಪ್ಲಾಂಶ್ ದೆ ಬೆಲ್ ಫೀ ಬೆಟ್ಟದ ಏರು. ಅವನು 57 ಸೆಕೆಂಡು ಮುಂದಿದ್ದ. ಅದೇ ನಾಡಿನ 21ರ ಹುಡುಗ ತಡೇಯ್ ಪೊಗಾಚಾರ್ ಆ ಒಂದೇ ಸಂಜೆ ಅವನಿಂದ 1 ನಿಮಿಷ 56 ಸೆಕೆಂಡು ಕಿತ್ತುಕೊಂಡ. ಏರಿನಲ್ಲಿ ರೊಗ್ಲಿಚ್‌ನ ಹೆಲ್ಮೆಟ್ ಹಿಂದಕ್ಕೆ ಜಾರಿ ಸೊಟ್ಟಗಾಗಿತ್ತು, ತುಟಿ ಬಿಳಿಚಿತ್ತು, ಗೆರೆ ದಾಟಿದ ಮೇಲೆ ನೆಲದ ಮೇಲೆ ಕೂತುಬಿಟ್ಟ. ಬಾಜಿ ಬಿಟ್ಟ ಮೇಲೆ ನೋಡಿದ ಎಷ್ಟೋ ಹಂತಗಳಲ್ಲಿ ಗೆದ್ದವನ ಹೆಸರೂ ನನಗೆ ನೆನಪಿಲ್ಲ. ಈ ಮುಖ ಮಾತ್ರ ಉಳಿದಿದೆ. ಉಳಿಸಿದ್ದು ಐನೂರು ರೂಪಾಯಿಯೋ, ಆ ಮುಖವೇ ಅಂಥದ್ದೋ, ಬೇರ್ಪಡಿಸಲು ನನಗೆ ಆಗಿಲ್ಲ.

ಮರುದಿನ ಹಣ ಕೊಡಲು ಹೋದೆ. ಗೆದ್ದ ಗೆಳೆಯ ನೋಟನ್ನು ಮಡಿಚಿ ಜೇಬಿಗೆ ಹಾಕಿಕೊಂಡ. ಮುಖಕ್ಕೆ ಕಟ್ಟಿದ್ದ ಮಾಸ್ಕನ್ನು ಗದ್ದಕ್ಕೆ ಇಳಿಸಿ ಬಹಳ ಹೊತ್ತು ರಸ್ತೆ ನೋಡುತ್ತ ನಿಂತ. ಪೊಗಾಚಾರ್ ಹೆಸರೆತ್ತಲಿಲ್ಲ.

"ಆ ಹೆಲ್ಮೆಟ್ಟು ಯಾಕಪ್ಪ ಹಂಗೆ ಸೊಟ್ಟ ಆಗಿತ್ತು?" ಎಂದ. "ಯಾರಾದ್ರೂ ಸರಿ ಮಾಡಬಾರದಿತ್ತಾ?"